ಆಕಾಶಕ್ಕೆ ದಾರಿ ಹೇಳುವ ಪಾಠ: ಪರದೇಶದ ಶಾಲೆಯಲ್ಲಿ ಒಂದು ವರ್ಷ

ಬಜ್ಪೆ ವಿಮಾನ ನಿಲ್ದಾಣ ನೋಡದ ಮನೆ ನಮ್ಮಲ್ಲಿ ಇಲ್ಲ. ದುಬೈಗೆ ಹೋಗುವ ಮಗನನ್ನು ಬಿಡಲು, ದಮ್ಮಾಮಿನಿಂದ ಬರುವ ಅಳಿಯನನ್ನು ಕರೆತರಲು, ಉಮ್ರಾಕ್ಕೆ ಹೊರಟ ಅಜ್ಜಿಯನ್ನು ಕಳುಹಿಸಿಕೊಡಲು ಎಂದು ಒಂದಲ್ಲ ಒಂದು ಸಲ ಕೆಂಜಾರಿನ ಗುಡ್ಡ ಹತ್ತಿದವರೇ ಎಲ್ಲರೂ. ಪೈಲಟ್ ಯಾರೆಂದು ಮಕ್ಕಳಿಗೂ ಗೊತ್ತು. ಗಗನಸಖಿಯರ ಕೆಲಸ ಗೊತ್ತು. ಲಗೇಜು ತೂಗುವವರ ಮೇಲೆ ನಮಗೆ ಇರುವ ಸಿಟ್ಟಂತೂ ಕೇಳುವುದೇ ಬೇಡ. ಆದರೆ ಗಾಜಿನ ಗೋಪುರದ ಮೇಲೆ ಕಿವಿಗೆ ಹೆಡ್‌ಸೆಟ್ ಹಾಕಿ ಕೂತು, ಆ ವಿಮಾನಕ್ಕೆ ‘ಈಗ ಇಳಿ’, ‘ಈಗ ತಡಿ’ ಎಂದು ಹೇಳುವವರ ಬಗ್ಗೆ ನಮಗೆ ಏನೂ ಗೊತ್ತಿಲ್ಲ. ಅವರ ಮುಖ ಪ್ರಯಾಣಿಕರು ನೋಡುವುದೂ ಇಲ್ಲ.

ಏರ್ ಟ್ರಾಫಿಕ್ ಕಂಟ್ರೋಲರ್ ಎಂದು ಅವರಿಗೆ ಹೆಸರು. ಈಚೆಗೆ ನಮ್ಮ ಹುಡುಗರ ಬಾಯಲ್ಲಿ ಈ ಹೆಸರು ಕೇಳಿಬರುತ್ತಿದೆ. ಮೊಬೈಲಿನಲ್ಲಿ ಯಾವುದೋ ದೇಶದ ಕಂಟ್ರೋಲ್ ರೂಮಿನ ವೀಡಿಯೊ ನೋಡುತ್ತಾರೆ, ‘ಉಸ್ತಾದ್, ಇದನ್ನು ಫಾರಿನ್‌ನಲ್ಲಿ ಕಲಿಸುತ್ತಾರಂತೆ’ ಎನ್ನುತ್ತಾರೆ. ಕಲಿಸುತ್ತಾರೆ, ನಿಜ. ಹೇಗೆ ಕಲಿಸುತ್ತಾರೆ, ಕಲಿಯುವವರ ದಿನ ಹೇಗಿರುತ್ತದೆ, ಕಲಿತ ಮೇಲೆ ಎಂಥದ್ದು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ ಎಂದು ಈ ವಾರ ಹೊರಟಿದ್ದೇವೆ.

ಉದಾಹರಣೆಗೆ ಒಂದು ಶಾಲೆಯನ್ನೇ ತೆಗೆದುಕೊಳ್ಳುತ್ತೇವೆ. ಸ್ವೀಡನ್ ದೇಶದ ದಕ್ಷಿಣ ತುದಿಯಲ್ಲಿ ಮಾಲ್ಮೊ ಎಂಬ ಪಟ್ಟಣ ಇದೆ. ಸಮುದ್ರದಾಚೆ ಡೆನ್ಮಾರ್ಕಿನ ಕೋಪನ್‌ಹೇಗನ್. ನಡುವೆ 2000ದಲ್ಲಿ ತೆರೆದ ದೊಡ್ಡ ಸೇತುವೆ. ಪಟ್ಟಣದಿಂದ ಸುಮಾರು 30 ಕಿ.ಮೀ. ದೂರದಲ್ಲಿ, ಗದ್ದೆ ಬಯಲಿನ ನಡುವೆ ಮಾಲ್ಮೊದ ವಿಮಾನ ನಿಲ್ದಾಣ. ಹಳೆಯ ಹೆಸರು ಸ್ಟೂರುಪ್. ಅಲ್ಲಿ ‘ಎಂಟ್ರಿ ಪಾಯಿಂಟ್ ನಾರ್ತ್’ ಎಂಬ ತರಬೇತಿ ಶಾಲೆ ಇದೆ. ಸ್ವೀಡನ್, ಡೆನ್ಮಾರ್ಕ್, ನಾರ್ವೆ ಈ ಮೂರು ದೇಶಗಳ ವಾಯು ಸಂಚಾರ ಸಂಸ್ಥೆಗಳು ಸೇರಿ 2006ರಲ್ಲಿ ಇದನ್ನು ಶುರು ಮಾಡಿದವು. ಪ್ರತಿ ದೇಶವೂ ತನ್ನದೇ ಶಾಲೆ ಇಟ್ಟುಕೊಂಡು ಖರ್ಚು ಮಾಡುವ ಬದಲು ಒಂದೇ ಕಡೆ ಕಲಿಸುವ ಎಂದು. ಹಾಗಾಗಿ ನಾರ್ವೆಯ ಹುಡುಗನಿಗೂ ಡೆನ್ಮಾರ್ಕಿನ ಹುಡುಗಿಗೂ ಇದು ಪರದೇಶದ ಓದೇ. ಆಮೇಲೆ ಬೇರೆ ದೇಶಗಳಿಂದಲೂ ವಿದ್ಯಾರ್ಥಿಗಳು ಬರತೊಡಗಿದರು.

ಒಳಗೆ ಹೋಗುವುದೇ ಮೊದಲ ಪರೀಕ್ಷೆ. ಯುರೋಪಿನಲ್ಲಿ ಬಹಳಷ್ಟು ದೇಶಗಳು ಬಳಸುವ ಒಂದು ಆಯ್ಕೆ ಪರೀಕ್ಷೆ ಇದೆ, ‘ಫೀಸ್ಟ್’ ಎಂದು ಕರೆಯುತ್ತಾರೆ. ಯುರೋಕಂಟ್ರೋಲ್ ಎಂಬ ಸಂಸ್ಥೆ ತಯಾರಿಸಿದ್ದು. ಕಂಪ್ಯೂಟರಿನ ಮುಂದೆ ಕೂರಿಸಿ ನೆನಪಿನ ಶಕ್ತಿ, ಗಮನ, ಲೆಕ್ಕ, ದಿಕ್ಕಿನ ಅಂದಾಜು, ಇಂಗ್ಲಿಷ್ ಎಲ್ಲ ನೋಡುತ್ತಾರೆ. ಅದರಲ್ಲಿ ಉಳಿದವರಿಗೆ ರಾಡಾರ್ ಕೆಲಸದ ಮಾದರಿಯ ಇನ್ನೊಂದು ಪರೀಕ್ಷೆ. ಆಮೇಲೆ ಸಂದರ್ಶನ, ವೈದ್ಯಕೀಯ ತಪಾಸಣೆ. ಬಣ್ಣ ಗುರುತಿಸುವ ಕಣ್ಣು ಸರಿ ಇಲ್ಲದಿದ್ದರೆ ಅಲ್ಲಿಗೇ ನಿಂತಿತು. ಇಲ್ಲಿ ಓದಿ ತಯಾರಾಗುವ ವಿಷಯ ಕಮ್ಮಿ. ನಮ್ಮ ಮಕ್ಕಳು ಹೇಳುವ ಹಾಗೆ ‘ಗೈಡ್ ಸಿಗುವುದಿಲ್ಲ’. ರ‍್ಯಾಂಕ್ ಬಂದವನು ಬಿದ್ದುಹೋಗಬಹುದು, ಸಾಧಾರಣ ಮಾರ್ಕಿನವನು ದಾಟಬಹುದು. ಯಾಕೆಂದರೆ ಅವರಿಗೆ ಬೇಕಾದದ್ದು ಎರಡು ಕಡೆ ಕಿವಿ, ಒಂದು ಕಡೆ ಕಣ್ಣು, ಇನ್ನೊಂದು ಕಡೆ ಬಾಯಿ ಇಟ್ಟು ಗಾಬರಿಯಾಗದೆ ಇರುವ ಮನುಷ್ಯ.

ನಮ್ಮ ಮನೆಯಲ್ಲಿ ಅಂಥವರು ಉಂಟು ಎಂದು ಕೆಲವರಿಗೆ ಅನ್ನಿಸಬಹುದು. ಒಂದು ಒಲೆಯಲ್ಲಿ ಪತ್ತಿರ್, ಇನ್ನೊಂದರಲ್ಲಿ ಸಾರು, ಕಂಕುಳಲ್ಲಿ ಮಗು, ಕಿವಿಗೆ ಫೋನು ಇಟ್ಟುಕೊಂಡು ಯಾವುದನ್ನೂ ಸೀಯಲು ಬಿಡದ ಉಮ್ಮಂದಿರು. ತಮಾಷೆಗೆ ಹೇಳುತ್ತಿಲ್ಲ. ಈ ಕೆಲಸಕ್ಕೆ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಒಂದೇ ಅಳತೆಯಲ್ಲಿ ತೆಗೆದುಕೊಳ್ಳುತ್ತಾರೆ, ಅಲ್ಲಿಯೂ, ನಮ್ಮ ದೇಶದಲ್ಲಿಯೂ.

ಒಪ್ಪಿಸುವ ಪಾಠ

ಶಾಲೆಯ ಮೊದಲ ವಾರಗಳು ಪುಸ್ತಕದ ಪಾಠ. ವಿಮಾನ ಹೇಗೆ ಹಾರುತ್ತದೆ, ಮೋಡ ಎಷ್ಟು ಬಗೆ, ಕಾನೂನು ಏನು, ನಕ್ಷೆ ಹೇಗೆ ಓದುವುದು. ಇದನ್ನು ಬೇಸಿಕ್ ಎನ್ನುತ್ತಾರೆ. ಆಮೇಲೆ ರೇಟಿಂಗ್ ಎಂಬ ಹಂತ. ಒಬ್ಬನು ಗೋಪುರದ ಕೆಲಸ ಕಲಿಯುತ್ತಾನೆ, ಇನ್ನೊಬ್ಬನು ನಿಲ್ದಾಣಕ್ಕೆ ಇಳಿದು ಬರುವ ವಿಮಾನಗಳನ್ನು ಸಾಲು ಹಿಡಿಸುವ ಅಪ್ರೋಚ್ ಕೆಲಸ, ಮತ್ತೊಬ್ಬನು ಮೇಲೆ 30-35 ಸಾವಿರ ಅಡಿ ಎತ್ತರದಲ್ಲಿ ಊರೂರು ದಾಟಿ ಹೋಗುವ ವಿಮಾನಗಳ ಕೆಲಸ. ಎಲ್ಲ ಸೇರಿ ಹೆಚ್ಚುಕಡಿಮೆ ಒಂದು ವರ್ಷ.

ನಿಜವಾದ ಶಾಲೆ ಇರುವುದು ಸಿಮ್ಯುಲೇಟರ್ ಕೋಣೆಯಲ್ಲಿ. ಗೋಪುರದ ಸಿಮ್ಯುಲೇಟರ್ ಎಂದರೆ ಸುತ್ತಲೂ ಪರದೆ. ಅದರಲ್ಲಿ ರನ್‌ವೇ, ಮಂಜು, ಮಳೆ, ರಾತ್ರಿ, ಬೇಕಾದದ್ದನ್ನೆಲ್ಲ ಬರಿಸುತ್ತಾರೆ. ರಾಡಾರ್ ಸಿಮ್ಯುಲೇಟರಿನಲ್ಲಿ ಕಪ್ಪು ಪರದೆಯ ಮೇಲೆ ಸಣ್ಣ ಚುಕ್ಕಿಗಳು, ಪ್ರತಿ ಚುಕ್ಕಿಯ ಪಕ್ಕ ವಿಮಾನದ ಹೆಸರು, ಎತ್ತರ, ವೇಗ. ಇಂಥ ಶಾಲೆಗಳಲ್ಲಿ ಸಾಮಾನ್ಯವಾಗಿ ಆಕಾಶವೂ ನಿಜದ್ದಲ್ಲ, ಕಲಿಸಲೆಂದೇ ಮಾಡಿದ ಊರು, ಮಾಡಿದ ದಾರಿ. ಪಕ್ಕದ ಕೋಣೆಯಲ್ಲಿ ಕೆಲವರು ಕೂತಿರುತ್ತಾರೆ. ಅವರಿಗೆ ಸುಡೊ ಪೈಲಟ್ ಎಂದು ಹೆಸರು, ಸುಳ್ಳು ಪೈಲಟ್ ಎಂದರೂ ನಡೆಯುತ್ತದೆ. ಒಬ್ಬೊಬ್ಬರು ಹಲವು ವಿಮಾನಗಳ ಪೈಲಟಾಗಿ ಹೆಡ್‌ಸೆಟ್‌ನಲ್ಲಿ ಮಾತಾಡುತ್ತಾರೆ, ವಿದ್ಯಾರ್ಥಿ ಹೇಳಿದಂತೆ ಕೀಲಿಮಣೆ ಒತ್ತಿ ಚುಕ್ಕಿಯನ್ನು ತಿರುಗಿಸುತ್ತಾರೆ. ಬೇಕೆಂದೇ ತಪ್ಪು ಉತ್ತರ ಕೊಡುವುದೂ ಉಂಟು. ವಿದ್ಯಾರ್ಥಿ ಹಿಡಿಯುತ್ತಾನೋ ಇಲ್ಲವೋ ಎಂದು ನೋಡಲಿಕ್ಕೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಂಟ್ರೋಲರ್ ಒಂದು ಆದೇಶ ಕೊಟ್ಟ ಕೂಡಲೇ ಪೈಲಟ್ ಅದನ್ನು ತಿರುಗಿ ಹೇಳಬೇಕು. ರೀಡ್‌ಬ್ಯಾಕ್ ಎನ್ನುತ್ತಾರೆ. ಕಂಟ್ರೋಲರ್ ಕಿವಿಗೊಟ್ಟು ಕೇಳಿ, ಒಂದು ಅಂಕೆ ಬದಲಾಗಿದ್ದರೂ ಅಲ್ಲೇ ತಡೆದು ತಿದ್ದಬೇಕು. ಮದ್ರಸದಲ್ಲಿ ನಾವು ಇಪ್ಪತ್ತು ವರ್ಷದಿಂದ ಮಾಡುತ್ತಿರುವ ಕೆಲಸ ಇದೇ ಅಲ್ವಾ ಎಂದು ನಮಗೆ ಅನ್ನಿಸಿತು. ಮಗು ಪಾಠ ಒಪ್ಪಿಸುತ್ತದೆ, ಒಂದು ಅಕ್ಷರದ ಉಚ್ಚಾರ ಜಾರಿದರೆ ನಿಲ್ಲಿಸುತ್ತೇವೆ. ಒಪ್ಪಿಸುವವರಿಗಿಂತ ಕೇಳುವವರಿಗೆ ಹೆಚ್ಚು ಎಚ್ಚರ ಬೇಕು. ಐವತ್ತನೇ ಮಗು ಅದೇ ಪಾಠ ಒಪ್ಪಿಸುವಾಗ ಕಿವಿ ತಾನಾಗಿ ‘ಸರಿ ಇದೆ’ ಎಂದುಬಿಡುತ್ತದೆ. ಕಿವಿಗೆ ತಾನು ಕೇಳಬೇಕೆಂದಿದ್ದದ್ದೇ ಕೇಳುವ ಈ ರೋಗಕ್ಕೆ ಆ ಶಾಲೆಗಳಲ್ಲಿ ದಿನಾ ಮದ್ದು ಅರೆಯುತ್ತಾರೆ.

ಮಾತೂ ಅಳತೆಯದ್ದೇ. ಇಂಗ್ಲಿಷಿನ ‘ತ್ರೀ’ ಅಲ್ಲಿ ‘ಟ್ರೀ’, ‘ಫೈವ್’ ಅಲ್ಲಿ ‘ಫೈಫ್’, ‘ನೈನ್’ ಅಲ್ಲಿ ‘ನೈನರ್’. ರೇಡಿಯೊದ ಗರಗರದಲ್ಲಿ ಫೈವೂ ನೈನೂ ಒಂದೇ ಥರ ಕೇಳಬಾರದು ಎಂದು. ಎ, ಬಿ, ಸಿ ಎನ್ನುವ ಹಾಗಿಲ್ಲ, ಆಲ್ಫಾ, ಬ್ರಾವೊ, ಚಾರ್ಲಿ. ಮೊದಲ ತಿಂಗಳಲ್ಲಿ ವಿದ್ಯಾರ್ಥಿಗಳು ಬಸ್ಸಿನ ಕಿಟಕಿಯಿಂದ ಕಾರುಗಳ ನಂಬರ್ ಪ್ಲೇಟ್ ನೋಡಿ ಬಾಯಿಪಾಠ ಮಾಡುವುದೂ ಉಂಟು. ಇದರ ಜೊತೆ ನಕ್ಷೆ. ಬಿಳಿ ಹಾಳೆ ಕೊಟ್ಟು, ತಮಗೆ ಸೇರಿದ ಆಕಾಶದ ಗಡಿ, ದಾರಿ, ದಾರಿಯ ಮೇಲಿನ ಗುರುತಿನ ಸ್ಥಳಗಳು, ರೇಡಿಯೊ ಫ್ರೀಕ್ವೆನ್ಸಿ ಎಲ್ಲವನ್ನೂ ನೋಡದೆ ಬರೆಯಿರಿ ಎನ್ನುತ್ತಾರೆ. ಬಾಯಿಪಾಠವೆಂದರೆ ಹಳೇ ಕಾಲದ್ದು, ಈಗ ಎಲ್ಲ ಗೂಗಲ್‌ನಲ್ಲಿ ಸಿಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಯಾಕೆ ಇಷ್ಟು ಬಿಗಿ? ಲೆಕ್ಕ ಹಾಕಿ ನೋಡಿ. ಮೇಲಿನ ಆಕಾಶದಲ್ಲಿ ಎರಡು ವಿಮಾನಗಳ ನಡುವೆ ಒಂದೋ ಸಾವಿರ ಅಡಿ ಎತ್ತರದ ಅಂತರ ಇರಬೇಕು, ಇಲ್ಲವಾದರೆ ಸಾಮಾನ್ಯವಾಗಿ 5 ನಾಟಿಕಲ್ ಮೈಲು, ಅಂದರೆ 9 ಕಿ.ಮೀ.ಗೆ ಸ್ವಲ್ಪ ಹೆಚ್ಚು ದೂರ ಇರಬೇಕು. ಸ್ಟೇಟ್ ಬ್ಯಾಂಕಿನಿಂದ ತೊಕ್ಕೊಟ್ಟಿಗೆ ಹೆಚ್ಚುಕಡಿಮೆ ಅಷ್ಟೇ. ಬಹಳ ದೂರ ಅನ್ನಿಸಬಹುದು. ಆದರೆ ಜೆಟ್ ವಿಮಾನ ನಿಮಿಷಕ್ಕೆ ಏಳೆಂಟು ನಾಟಿಕಲ್ ಮೈಲು ಹೋಗುತ್ತದೆ. ಎರಡು ಎದುರುಬದುರು ಬಂದರೆ ಆ 5 ಮೈಲು ಮುಗಿಯಲು 20 ಸೆಕೆಂಡು ಸಾಕು. ಒಂದು ಸಲ ‘ಏನಂದ್ರಿ?’ ಎಂದು ಕೇಳಿ ಉತ್ತರ ಬರುವಷ್ಟರಲ್ಲಿ ಅರ್ಧ ಕಳೆದುಹೋಗಿರುತ್ತದೆ.

ಈ ಬಿಗಿಯ ಒಂದೊಂದು ನಿಯಮದ ಹಿಂದೆಯೂ ಒಂದು ದುರಂತ ಇದೆ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ತೆನೆರಿಫೆ ದ್ವೀಪದಲ್ಲಿ ಮಂಜು ಕವಿದ ರನ್‌ವೇಯಲ್ಲಿ ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 583 ಮಂದಿ ತೀರಿಕೊಂಡರು. ಹೊರಡಲು ಅನುಮತಿ ಸಿಗುವ ಮೊದಲೇ ಒಂದು ವಿಮಾನ ಓಡತೊಡಗಿತ್ತು, ರೇಡಿಯೊದಲ್ಲಿ ಆಡಿದ ಅರೆಬರೆ ಮಾತು ಎರಡೂ ಕಡೆ ಬೇರೆ ಬೇರೆ ಅರ್ಥ ಕೊಟ್ಟಿತ್ತು. ಇವತ್ತು ‘ಟೇಕಾಫ್’ ಎಂಬ ಶಬ್ದವನ್ನು ಆ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಬಿಟ್ಟರೆ ಬೇರೆ ಯಾವಾಗಲೂ ಹೇಳಬಾರದು. ಬೇರೆ ಮಾತಿಗೆಲ್ಲ ‘ಡಿಪಾರ್ಚರ್’. ಸಿಮ್ಯುಲೇಟರಿನಲ್ಲಿ ವಿದ್ಯಾರ್ಥಿ ಬಾಯ್ತಪ್ಪಿ ಹೇಳಿದರೆ ಶಿಕ್ಷಕರು ಅಲ್ಲೇ ನಿಲ್ಲಿಸುತ್ತಾರೆ.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. 1996ರ ನವೆಂಬರ್ 12. ದಿಲ್ಲಿಯಿಂದ ದಹ್ರಾನ್, ಜಿದ್ದಾಕ್ಕೆ ಹೊರಟ ಸೌದಿ ವಿಮಾನ, ದಿಲ್ಲಿಗೆ ಇಳಿಯಲು ಬರುತ್ತಿದ್ದ ಕಝಕ್‌ಸ್ತಾನದ ವಿಮಾನ, ಹರ್ಯಾಣದ ಚರ್ಖಿ ದಾದ್ರಿಯ ಮೇಲೆ ಡಿಕ್ಕಿ ಹೊಡೆದವು. 349 ಜನ. ಗಲ್ಫಿನ ಕೆಲಸಕ್ಕೆ ಹೊರಟ ಎಷ್ಟೋ ಮನೆಯ ಮಕ್ಕಳು. ದಿಲ್ಲಿಯ ಕಂಟ್ರೋಲರ್ ಒಂದು ವಿಮಾನಕ್ಕೆ 14 ಸಾವಿರ, ಇನ್ನೊಂದಕ್ಕೆ 15 ಸಾವಿರ ಅಡಿ ಎಂದು ಸರಿಯಾಗಿಯೇ ಹೇಳಿದ್ದರು. ಕಝಕ್ ವಿಮಾನ 15ರಲ್ಲಿ ನಿಲ್ಲಲಿಲ್ಲ, ಕೆಳಗೆ ಬಂತು. ಆ ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ ಎಂಬುದು ತನಿಖೆಯಲ್ಲಿ ದೊಡ್ಡ ವಿಷಯವಾಯಿತು. ಇಂಥ ದುರಂತಗಳ ನಂತರವೇ ಪೈಲಟ್ ಮತ್ತು ಕಂಟ್ರೋಲರುಗಳಿಗೆ ಇಂಗ್ಲಿಷಿನ ಅಳತೆಗೋಲು ಬಂದದ್ದು. 2008ರ ಮಾರ್ಚಿನಿಂದ ಲೋಕಕ್ಕೆಲ್ಲ ಒಂದೇ ನಿಯಮ: ಆರು ಮೆಟ್ಟಿಲು, ಕನಿಷ್ಠ ನಾಲ್ಕನೇ ಮೆಟ್ಟಿಲಲ್ಲಿ ಇರಬೇಕು. ನಾಲ್ಕರಲ್ಲಿ ಇರುವವರಿಗೆ ಮೂರು ವರ್ಷಕ್ಕೊಮ್ಮೆ, ಐದರಲ್ಲಿ ಇರುವವರಿಗೆ ಆರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಅಂದಚೆಂದದ ಇಂಗ್ಲಿಷ್ ಬೇಕಾಗಿಲ್ಲ. ಎಂದಿನ ಮಾತು ಮುರಿದು, ‘ನನ್ನ ವಿಮಾನದಲ್ಲಿ ಒಬ್ಬರಿಗೆ ಎದೆನೋವು’ ಎಂದು ಪೈಲಟ್ ಹೇಳಿದಾಗ ತಡವರಿಸದೆ ಮಾತಾಡಲು ಬರಬೇಕು. ನಮ್ಮ ಮಕ್ಕಳಲ್ಲಿ ವ್ಯಾಕರಣ ಉಂಟು, ಬಾಯಿ ಬಿಡಲು ನಾಚಿಕೆ. ಅದೊಂದು ಬೇರೆ ಲೇಖನಕ್ಕಾಗುವ ಸಂಗತಿ.

ಊಟ, ಚಳಿ, ನಮಾಝ್

ಪಾಠದ ಹೊರಗಿನ ಬದುಕು ಹೇಗೆ? ಮಾಲ್ಮೊದಂಥ ಪಟ್ಟಣದಲ್ಲಿ ಓದುವವರು ಒಂದು ಕೋಣೆಯ ಮನೆ ಹಿಡಿಯುತ್ತಾರೆ ಅಥವಾ ಇಬ್ಬರು ಮೂವರು ಸೇರಿ ಒಂದು ಫ್ಲ್ಯಾಟ್. ಅಡುಗೆ, ಬಟ್ಟೆ ಒಗೆಯುವುದು, ನೆಲ ಒರೆಸುವುದು ಎಲ್ಲ ತಾವೇ. ನವೆಂಬರಿನಿಂದ ಗಾಳಿ, ಮಂಜು, ಎಲುಬಿಗೆ ಹಿಡಿಯುವ ಚಳಿ. ಬೆಳಿಗ್ಗೆ ಕತ್ತಲಲ್ಲಿ ಹೊರಟು, ಸಂಜೆ ಕತ್ತಲಲ್ಲಿ ಮನೆಗೆ. ಕಿಟಕಿ ಇಲ್ಲದ ಸಿಮ್ಯುಲೇಟರ್ ಕೋಣೆಯಲ್ಲಿ ದಿನ ಕಳೆಯುವವರು ಡಿಸೆಂಬರಿನಲ್ಲಿ ವಾರಗಟ್ಟಲೆ ಸೂರ್ಯನನ್ನು ನೋಡುವುದು ಶನಿವಾರ, ಆದಿತ್ಯವಾರ ಮಾತ್ರ.

ಊಟದ ವಿಷಯದಲ್ಲಿ ಮಾಲ್ಮೊ ಅಷ್ಟು ಕಷ್ಟದ ಊರಲ್ಲ. ಅಲ್ಲಿನ ಜನರಲ್ಲಿ ಮೂರರಲ್ಲಿ ಒಂದು ಪಾಲು ಬೇರೆ ದೇಶದಲ್ಲಿ ಹುಟ್ಟಿದವರು. ಇರಾಕ್, ಸಿರಿಯಾ, ಲೆಬನಾನ್, ಬೋಸ್ನಿಯಾದಿಂದ ಬಂದವರು ಬಹಳ. ಮೊಲ್ಲೆವೊಂಗನ್ ಎಂಬ ಪೇಟೆಯಲ್ಲಿ ತರಕಾರಿ ಸಂತೆ, ಅರಬರ ದಿನಸಿ ಅಂಗಡಿ, ಹಲಾಲ್ ಮಾಂಸ, ಇಡೀ ಸ್ವೀಡನಿಗೆ ಹೆಸರಾದ ಫಲಾಫಲ್. 1984ರಲ್ಲಿ ಕಟ್ಟಿದ ದೊಡ್ಡ ಪಳ್ಳಿಯೂ ಉಂಟು. ಬಾಸುಮತಿ ಅಕ್ಕಿ ಸಿಗುತ್ತದೆ. ನಮ್ಮ ಕುಚ್ಚಲಕ್ಕಿ ಗಂಜಿಯ ಆಸೆ ಬಿಡಬೇಕು, ಅಷ್ಟೆ.

ಸಮಯದ ವಿಷಯ ಬಹಳ ಸ್ವಾರಸ್ಯದ್ದು. ವಿಮಾನ ಲೋಕಕ್ಕೆ ಊರಿನ ಗಡಿಯಾರ ಇಲ್ಲ. ಎಲ್ಲ ದೇಶದಲ್ಲಿಯೂ ಯುಟಿಸಿ ಎಂಬ ಒಂದೇ ಸಮಯ. ನಮ್ಮ ಬಜ್ಪೆಯಲ್ಲಿ ಬೆಳಿಗ್ಗೆ 5.30 ಆದರೆ ಅವರ ಲೆಕ್ಕದಲ್ಲಿ 0000. ಸಿಮ್ಯುಲೇಟರಿನ ಗೋಡೆಯಲ್ಲಿ ಆ ಗಡಿಯಾರ, ಹೊರಗೆ ಸ್ವೀಡನಿನ ಗಡಿಯಾರ, ಫೋನು ಮಾಡಲು ಮನೆಯ ಗಡಿಯಾರ, ನಮಾಝ್ ಮಾಡುವವರಿಗೆ ಸೂರ್ಯನ ಗಡಿಯಾರ. ಡಿಸೆಂಬರಿನಲ್ಲಿ ಅಲ್ಲಿ ಬೆಳಕಿರುವುದು ಏಳು ಗಂಟೆ ಮಾತ್ರ. ಮಧ್ಯಾಹ್ನ ಹನ್ನೆರಡು ದಾಟಿ ಳುಹರ್ ಆಯಿತೆನ್ನುವಾಗ, ಮೂರೂವರೆಗೆ ಮಗ್ರಿಬ್. ನಡುವೆ ಅಸರ್. ಮೂರು ಹೊತ್ತೂ ಶಾಲೆಯ ಸಮಯದೊಳಗೇ ಬಂದುಬಿಡುತ್ತವೆ. ಜೂನಿನಲ್ಲಿ ತಿರುಗುಮುರುಗು. ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ, ಮತ್ತೆ ನಾಲ್ಕೂವರೆಗೆಲ್ಲ ಎದ್ದು ಬರುತ್ತಾನೆ, ಪೂರ್ತಿ ಕತ್ತಲೆಯೇ ಆಗುವುದಿಲ್ಲ. ಅನುಕೂಲ ಏನೆಂದರೆ ಈ ಕೆಲಸದಲ್ಲಿ ಬಿಡುವು ಕಡ್ಡಾಯ. ಪರದೆಯ ಮುಂದೆ ಒಂದೇ ಸಮನೆ ಗಂಟೆಗಟ್ಟಲೆ ಕೂರಿಸುವುದಿಲ್ಲ, ಎಬ್ಬಿಸಿ ಕಳುಹಿಸುತ್ತಾರೆ. ಆ ಹೊತ್ತಿನಲ್ಲಿ ಒಬ್ಬ ಕಾಫಿ ಕುಡಿಯುತ್ತಾನೆ, ಇನ್ನೊಬ್ಬ ಮೂಲೆಯಲ್ಲಿ ಮುಸಲ್ಲಾ ಹಾಸುತ್ತಾನೆ.

2016ರಲ್ಲಿ ರಮಝಾನ್ ಜೂನಿನಲ್ಲಿ ಬಂದಿತ್ತು. ಆ ಅಕ್ಷಾಂಶದಲ್ಲಿ ಉಪವಾಸ ಹತ್ತೊಂಬತ್ತು ಗಂಟೆಯ ಸುಮಾರಿಗೆ ಹೋಗುತ್ತದೆ. ಇಫ್ತಾರ್ ಮುಗಿಸಿ ಇಶಾ, ತರಾವೀಹ್ ಆಗುವಾಗ ಸಹರಿಯ ಹೊತ್ತು. ನಿದ್ದೆ ಎಲ್ಲಿಂದ ಬರಬೇಕು? ಯುರೋಪಿನ ಲೈಸೆನ್ಸ್ ನಿಯಮದಲ್ಲಿ ಒಂದು ಮಾತು ಇದೆ: ಇವತ್ತು ನನ್ನಿಂದ ಸುರಕ್ಷಿತವಾಗಿ ಕೆಲಸ ಮಾಡಲು ಆಗುತ್ತದೋ ಎಂದು ಸಂಶಯ ಬಂದರೆ, ಕಂಟ್ರೋಲರ್ ತಾನೇ ಹೇಳಿ ಕುರ್ಚಿಯಿಂದ ಏಳಬೇಕು. ಜ್ವರವಿರಲಿ, ಮನೆಯ ಸಾವಿನ ಸುದ್ದಿ ಇರಲಿ, ನಿದ್ದೆಗೇಡು ಇರಲಿ. ಹಾಗೆ ಹೇಳುವುದು ಅವಮಾನವಲ್ಲ, ಹೇಳದೆ ಕೂರುವುದೇ ತಪ್ಪು ಎಂದು ವಿದ್ಯಾರ್ಥಿಗಳಿಗೆ ಮೊದಲಿನಿಂದ ಕಲಿಸುತ್ತಾರೆ. ಇಂಥ ಜಾಗದಲ್ಲಿ ಉಪವಾಸದ ಫಿಖ್ಹ್ ಏನು ಎಂದು ನಾವು ಪತ್ರಿಕೆಯಲ್ಲಿ ತೀರ್ಪು ಬರೆಯಲು ಹೋಗುವುದಿಲ್ಲ. ಅದಕ್ಕೆ ಆಯಾ ಊರಿನ ಉಲಮಾಗಳಿದ್ದಾರೆ. ಆದರೆ ಪರರ ಜೀವ ಕೈಯಲ್ಲಿ ಹಿಡಿದವರ ಪ್ರಶ್ನೆ, ಗದ್ದೆಯಲ್ಲಿ ದುಡಿಯುವವರ ಪ್ರಶ್ನೆಗಿಂತ ಬೇರೆ ಎಂಬುದನ್ನು ಕೇಳುವವರೂ ಹೇಳುವವರೂ ನೆನಪಿಡಬೇಕಾಗುತ್ತದೆ.

ಎಲ್ಲಕ್ಕಿಂತ ಕಷ್ಟ ಚಳಿಯೂ ಅಲ್ಲ, ಊಟವೂ ಅಲ್ಲ. ಡಿಬ್ರೀಫ್. ಪ್ರತಿ ಸಿಮ್ಯುಲೇಟರ್ ಪಾಠದ ನಂತರ ಶಿಕ್ಷಕರು ಕೂರಿಸಿಕೊಂಡು, ಆ ಹೊತ್ತಿನಲ್ಲಿ ಆದದ್ದನ್ನು ಒಂದೊಂದಾಗಿ ಬಿಡಿಸುತ್ತಾರೆ. ಇಲ್ಲಿ ಯಾಕೆ ತಡ ಮಾಡಿದೆ, ಅಲ್ಲಿ ಯಾಕೆ ಎರಡು ವಿಮಾನಕ್ಕೆ ಒಂದೇ ಎತ್ತರ ಕೊಡಲು ಹೋದೆ, ಆ ರೀಡ್‌ಬ್ಯಾಕ್ ತಪ್ಪಿತ್ತಲ್ಲ ಕೇಳಿಸಿತೇ. ಎಲ್ಲ ಬರೆದು ಇಡುತ್ತಾರೆ. ಇಪ್ಪತ್ತರ ಹರೆಯದಲ್ಲಿ, ಅಲ್ಲಿವರೆಗೆ ಎಲ್ಲ ಪರೀಕ್ಷೆ ಪಾಸಾಗಿ ಬಂದ ಮಕ್ಕಳಿಗೆ ದಿನಾ ತಮ್ಮ ತಪ್ಪನ್ನೇ ಕೇಳುವುದು ಸುಲಭವಲ್ಲ. ವಾರ ವಾರ ವಿಮಾನಗಳ ಸಂಖ್ಯೆ ಹೆಚ್ಚಿಸುತ್ತಾ ಹೋಗುತ್ತಾರೆ. ಒಂದು ದಿನ ತಲೆಯಲ್ಲಿದ್ದ ಚಿತ್ರವೇ ಕಳಚಿಬೀಳುತ್ತದೆ. ಯಾವ ಚುಕ್ಕಿ ಎಲ್ಲಿಗೆ ಎಂದೇ ತಿಳಿಯುವುದಿಲ್ಲ, ಬಾಯಿ ಕಟ್ಟುತ್ತದೆ. ಈ ಓದು ಓದಿದವರೆಲ್ಲರಿಗೂ ಆ ದಿನ ಬಂದೇ ಬರುತ್ತದೆ. ಕೆಲವರು ಮಾರನೇ ದಿನ ಎದ್ದು ನಿಲ್ಲುತ್ತಾರೆ. ಕೆಲವರಿಗೆ ಎಷ್ಟು ಅವಕಾಶ ಕೊಟ್ಟರೂ ಕೂಡಿಬರುವುದಿಲ್ಲ, ಅವರನ್ನು ಕೋರ್ಸಿನಿಂದ ಬಿಡಿಸುತ್ತಾರೆ. ತರಗತಿ ಸಣ್ಣದು, ಒಂದು ಕುರ್ಚಿ ಖಾಲಿಯಾದರೆ ಎಲ್ಲರಿಗೂ ಕಾಣುತ್ತದೆ. ದಡ್ಡನೆಂದು ಅಲ್ಲ, ಆ ಕೆಲಸಕ್ಕೆ ಬೇಕಾದ ಒಂದು ಬಗೆಯ ತಲೆ ಅಲ್ಲವೆಂದು. ಅದನ್ನು ಮನೆಯವರಿಗೆ ಫೋನಿನಲ್ಲಿ ಹೇಗೆ ಹೇಳುವುದು? ‘ಎಲ್ಲ ಒಳ್ಳೆದುಂಟು ಉಮ್ಮ’ ಎಂದು ಹೇಳಿ ಫೋನಿಡುವ ಮಕ್ಕಳು ಗಲ್ಫಿನಲ್ಲಿಯೂ ಇದ್ದಾರೆ, ನಮಗೆ ಗೊತ್ತು.

ಶಾಲೆ ಮುಗಿದ ಮೇಲೆ

ಕೋರ್ಸು ಪಾಸಾದವರಿಗೆ ಸಿಗುವುದು ವಿದ್ಯಾರ್ಥಿ ಲೈಸೆನ್ಸ್. ಇಲ್ಲಿಯೇ ನಮ್ಮ ಓದುಗರು ಸ್ವಲ್ಪ ನಿಧಾನಿಸಬೇಕು. ವಿದ್ಯಾರ್ಥಿ ಲೈಸೆನ್ಸ್ ಹಿಡಿದವನು ಒಬ್ಬನೇ ಒಂದು ವಿಮಾನಕ್ಕೂ ಆದೇಶ ಕೊಡುವಂತಿಲ್ಲ. ಆತ ಯಾವ ಗೋಪುರ ಅಥವಾ ಕೇಂದ್ರದಲ್ಲಿ ಕೆಲಸ ಮಾಡಬೇಕೋ ಅಲ್ಲಿಗೆ ಹೋಗಿ, ನಿಜವಾದ ವಿಮಾನಗಳ ಜೊತೆ, ಪಕ್ಕದಲ್ಲಿ ಶಿಕ್ಷಕ ಕೂತು ಇನ್ನೊಂದು ಹೆಡ್‌ಸೆಟ್‌ನಲ್ಲಿ ಕೇಳುತ್ತಿರುವಾಗ, ತಿಂಗಳುಗಟ್ಟಲೆ ಕಲಿಯಬೇಕು. ಅಲ್ಲಿ ಪಾಸಾದರೆ ಆ ಜಾಗಕ್ಕೆ ಮಾತ್ರ ಪೂರ್ಣ ಲೈಸೆನ್ಸ್. ಓಸ್ಲೋದಲ್ಲಿ ಕೆಲಸ ಮಾಡುವವನು ಬರ್ಗನ್ನಿಗೆ ಹೋದರೆ ಅಲ್ಲಿನ ಪಾಠ ಮತ್ತೆ. ವಿದ್ಯಾರ್ಥಿ ಲೈಸೆನ್ಸ್ ಸಿಕ್ಕಿ ಒಂದು ವರ್ಷದೊಳಗೆ ಅದನ್ನು ಬಳಸಲು ಶುರುಮಾಡದಿದ್ದರೆ, ಮುಂದುವರಿಯಲು ಯೋಗ್ಯತೆ ಉಳಿದಿದೆಯೇ ಎಂದು ಮತ್ತೆ ಅಳೆಯುತ್ತಾರೆ. ಅಂದರೆ ಕೆಲಸ ಕೊಡುವ ಸಂಸ್ಥೆ ಮೊದಲೇ ಗೊತ್ತಿರಬೇಕು. ನಾರ್ವೆಯ ಹುಡುಗನನ್ನು ನಾರ್ವೆಯ ಸಂಸ್ಥೆಯೇ ಆರಿಸಿ ಮಾಲ್ಮೊಗೆ ಕಳುಹಿಸುತ್ತದೆ, ಮುಗಿಸಿ ಬಂದವನಿಗೆ ಗೋಪುರ ಕಾಯುತ್ತಿರುತ್ತದೆ.

ಈ ಸಂಗತಿ ಬರೆಯಲು ಕಾರಣ ಇದೆ. ಕೆಲವು ತಿಂಗಳ ಹಿಂದೆ ನಮ್ಮ ಜಮಾಅತಿನ ಒಬ್ಬ ತಾಯಿ ಮದ್ರಸಕ್ಕೆ ಬಂದಿದ್ದರು. ಮಗ ಪಿಯುಸಿ ಮುಗಿಸಿದ್ದಾನೆ, ಬುದ್ಧಿವಂತ. ಕೈಯಲ್ಲಿ ಬಣ್ಣದ ಕಾಗದ: ಹೊರದೇಶದಲ್ಲಿ ಎಟಿಸಿ ತರಬೇತಿ, ಕೈತುಂಬಾ ಸಂಬಳ, ಸೀಟು ಕೆಲವೇ ಎಂದು. ಯಾವ ದೇಶದ ಲೈಸೆನ್ಸ್, ಯಾವ ಗೋಪುರದಲ್ಲಿ ಕೆಲಸ ಎಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ‘ನನ್ನ ಚಿನ್ನ ಬ್ಯಾಂಕಿನಲ್ಲಿಟ್ಟರೆ ಮೊದಲ ಕಂತು ಆಗುತ್ತದೆ ಉಸ್ತಾದೇ, ಮಗನ ಬದುಕಲ್ವಾ’ ಎಂದರು. ಗಂಡ ಗಲ್ಫಿನಿಂದ ವಾಪಸಾಗಿ ಎರಡು ವರ್ಷ. ಆ ಚಿನ್ನದಲ್ಲಿ ತಂಗಿಯ ಮದುವೆಯದ್ದೂ ಸೇರಿತ್ತು.

ನಾವು ಅವರಿಗೆ ಒಂದೇ ಕೆಲಸ ಹೇಳಿದೆವು: ಆ ಕಾಗದ ಕೊಟ್ಟವರ ಹತ್ತಿರ ಹೋಗಿ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರೆದು ಸಹಿ ಹಾಕಿ ಕೊಡಲು ಹೇಳಿ. ಕೋರ್ಸು ಮುಗಿದ ಮೇಲೆ ಗೋಪುರದೊಳಗಿನ ತರಬೇತಿ ಕೊಡುವವರು ಯಾರು? ಭಾರತದ ಪಾಸ್‌ಪೋರ್ಟ್ ಇರುವವನನ್ನು ಅವರು ತೆಗೆದುಕೊಳ್ಳುತ್ತಾರೋ? ಬರೆದು ಕೊಡಲು ಅವರು ಒಪ್ಪಲಿಲ್ಲ. ಚಿನ್ನ ಮನೆಯಲ್ಲೇ ಉಳಿಯಿತು.

ಎರಡನೇ ಪ್ರಶ್ನೆ ಸಣ್ಣದಲ್ಲ. ಅಮೆರಿಕದಲ್ಲಿ ಈ ಕೆಲಸಕ್ಕೆ ಒಕ್ಲಹೋಮ ಸಿಟಿಯ ಸರಕಾರಿ ಅಕಾಡೆಮಿಗೆ ಸೇರಲು ಅಮೆರಿಕದ ಪೌರನೇ ಆಗಿರಬೇಕು, ವಯಸ್ಸು 31ರೊಳಗೆ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟಿನಲ್ಲಿ ಯುರೋಕಂಟ್ರೋಲ್ ನಡೆಸುವ ಕೇಂದ್ರ ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಮತ್ತು ವಾಯವ್ಯ ಜರ್ಮನಿಯ ಮೇಲಿನ ಆಕಾಶವನ್ನು ನೋಡಿಕೊಳ್ಳುತ್ತದೆ. ಬೇರೆ ಬೇರೆ ದೇಶದ ಯುವಕರು ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುವ ಅಪರೂಪದ ಜಾಗ ಅದು. ಆದರೆ ಅಲ್ಲಿಯೂ ತಮ್ಮ ಸದಸ್ಯ ದೇಶಗಳವರಿಗೇ ಬಾಗಿಲು. ಗಲ್ಫಿನ ಗೋಪುರಗಳಲ್ಲಿ ಭಾರತೀಯರು ಇದ್ದಾರೆ, ನಿಜ. ಅವರನ್ನು ತೆಗೆದುಕೊಳ್ಳುವುದು ಅನುಭವ ನೋಡಿ, ಅಂದರೆ ಇಲ್ಲಿ ವರ್ಷಗಟ್ಟಲೆ ದುಡಿದು ಹೋದವರನ್ನು. ಹೊಸ ಹುಡುಗರ ಜಾಗವನ್ನು ಆ ದೇಶಗಳು ತಮ್ಮ ಮಕ್ಕಳಿಗೆ ಇಟ್ಟುಕೊಳ್ಳುತ್ತವೆ. ತಪ್ಪೆಂದು ಹೇಳಲಾಗದು.

ಹಾಗಾದರೆ ನಮ್ಮ ಮಕ್ಕಳಿಗೆ ದಾರಿ ಇಲ್ಲವೇ? ಉಂಟು, ಮನೆಯ ಹತ್ತಿರವೇ ಉಂಟು. ಬಜ್ಪೆ ನಿಲ್ದಾಣವನ್ನು 2020ರ ಅಕ್ಟೋಬರ್ ಕೊನೆಯಿಂದ ಅದಾನಿ ಕಂಪೆನಿ ನಡೆಸುತ್ತಿದ್ದರೂ ಗೋಪುರದೊಳಗಿನ ಕೆಲಸ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ್ದೇ. ಅವರು ಜೂನಿಯರ್ ಎಕ್ಸಿಕ್ಯುಟಿವ್ ಎಂಬ ಹುದ್ದೆಗೆ ಪರೀಕ್ಷೆ ಮೂಲಕ ಆರಿಸುತ್ತಾರೆ. ಭೌತಶಾಸ್ತ್ರ, ಗಣಿತ ಇರುವ ಬಿಎಸ್ಸಿ, ಅಥವಾ ಇವೆರಡು ಒಂದು ಸೆಮಿಸ್ಟರಿನಲ್ಲಾದರೂ ಇರುವ ಎಂಜಿನಿಯರಿಂಗ್. ವಯಸ್ಸು 27ರೊಳಗೆ, ಮೀಸಲಾತಿಯವರಿಗೆ ಸಡಿಲಿಕೆ ಉಂಟು. ಆನ್‌ಲೈನ್ ಪರೀಕ್ಷೆ, ಆಮೇಲೆ ಧ್ವನಿ ಪರೀಕ್ಷೆ, ಮಾನಸಿಕ ಮತ್ತು ವೈದ್ಯಕೀಯ ತಪಾಸಣೆ, ಅಮಲು ಪದಾರ್ಥದ ಪರೀಕ್ಷೆ. ಆಯ್ಕೆಯಾದವರ ತರಬೇತಿ ಪ್ರಯಾಗರಾಜ್, ಹೈದರಾಬಾದ್, ಗೊಂದಿಯಾದಲ್ಲಿ. ಪ್ರಯಾಗರಾಜಿನ ಕಾಲೇಜು 1948ರಷ್ಟು ಹಳೆಯದು. ತರಬೇತಿಗೆ ನಾವು ಹಣ ಕಟ್ಟುವುದಲ್ಲ, ಅವರೇ ಕೊಡುತ್ತಾರೆ. ಮೂಲ ವೇತನ 40 ಸಾವಿರದಿಂದ ಶುರು. ಸಿಮ್ಯುಲೇಟರ್, ಡಿಬ್ರೀಫ್, ಬಿಳಿ ಹಾಳೆಯ ನಕ್ಷೆ, ಇಂಗ್ಲಿಷಿನ ನಾಲ್ಕನೇ ಮೆಟ್ಟಿಲು, ಎಲ್ಲ ಅಲ್ಲಿಯೂ ಇದೆ. ಲೋಕಕ್ಕೆಲ್ಲ ಒಂದೇ ಪಾಠ.

ಈ ಪಾಠದಲ್ಲಿ ರಾಡಾರ್ ಇಲ್ಲದೆ ಕೆಲಸ ಮಾಡುವುದನ್ನೂ ಕಲಿಸುತ್ತಾರೆ. ಪರದೆ ಇಲ್ಲ, ಚುಕ್ಕಿ ಇಲ್ಲ. ಪೈಲಟ್ ಹೇಳುವ ದೂರ, ಎತ್ತರ, ಸಮಯ ಕೇಳಿ, ಸಣ್ಣ ಕಾಗದದ ಪಟ್ಟಿಯಲ್ಲಿ ಬರೆದು, ತಲೆಯಲ್ಲೇ ಆಕಾಶ ಕಟ್ಟಿಕೊಂಡು ವಿಮಾನಗಳನ್ನು ದೂರ ದೂರ ಇಡಬೇಕು. ಪ್ರೊಸೀಜರಲ್ ಎನ್ನುತ್ತಾರೆ. ಇಷ್ಟೆಲ್ಲ ಯಂತ್ರ ಇರುವಾಗ ಇದೆಲ್ಲ ಯಾಕೆ ಎಂದು ಮಾಲ್ಮೊದ ವಿದ್ಯಾರ್ಥಿಗೂ ಅನ್ನಿಸಬಹುದು. ನಮಗೆ ಉತ್ತರ ಗೊತ್ತು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಉರುಳಿ 158 ಜನ ನಮ್ಮನ್ನು ಅಗಲಿದರು, 8 ಮಂದಿ ಬದುಕಿ ಬಂದರು. ಆ ದಿನ ಬಜ್ಪೆಯ ರಾಡಾರ್ ಕೆಟ್ಟಿತ್ತು. ಕಂಟ್ರೋಲರ್ ಪ್ರೊಸೀಜರಲ್ ಕ್ರಮದಲ್ಲೇ ಕೆಲಸ ಮಾಡುತ್ತಿದ್ದರು. ವಿಮಾನ 130 ಮೈಲು ದೂರದಲ್ಲಿ ಇಳಿಯಲು ಅನುಮತಿ ಕೇಳಿದಾಗ, ಬೇರೆ ವಿಮಾನಗಳೊಡನೆ ಅಂತರ ಕಾಯಲು, ಆಗಲೇ ಕೊಡಲಿಲ್ಲ ಎಂದು ತನಿಖಾ ವರದಿಯಲ್ಲಿ ಇದೆ. ದುರಂತಕ್ಕೆ ಅದೇ ಕಾರಣವೆಂದು ವರದಿ ಹೇಳಲಿಲ್ಲ. ಸರಿಯಾಗಿ ಹೊಂದದ ಇಳಿತವನ್ನು ಸಹ ಪೈಲಟ್ ಬೇಡವೆಂದರೂ ಮುಂದುವರಿಸಿದ್ದೇ ಕಾರಣವೆಂದಿತು. ಆದರೂ ಆ ಮಬ್ಬು ಬೆಳಗಿನಲ್ಲಿ, ಪರದೆ ಇಲ್ಲದೆ, ಕಾಗದದ ಪಟ್ಟಿ ಹಿಡಿದು ಕೂತ ಕಂಟ್ರೋಲರುಗಳು ಆಮೇಲೆ ಎಷ್ಟು ರಾತ್ರಿ ಮಲಗಿರಲಿಕ್ಕಿಲ್ಲ ಎಂದು ನಾವು ಯಾರೂ ಅಂದು ಯೋಚಿಸಿರಲಿಲ್ಲ. ನಮ್ಮ ದುಃಖವೇ ನಮಗೆ ಸಾಕಾಗಿತ್ತು.

ಎಸೆಸೆಲ್ಸಿ ಮುಗಿಸಿದ ಮಕ್ಕಳ ಮನೆಯಲ್ಲಿ ಈಗ ಕಾಲೇಜಿನ ಅರ್ಜಿಯ ಮಾತು. ಈ ಕೆಲಸದ ಕನಸು ಇರುವವರು ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಎರಡೂ ಇರುವ ಕಾಂಬಿನೇಶನ್ ಬರೆಯಬೇಕು. ಕಾಮರ್ಸ್ ತೆಗೆದುಕೊಂಡರೆ ಆ ಬಾಗಿಲು ಮುಚ್ಚಿದ ಹಾಗೆಯೇ. ಪ್ರಾಧಿಕಾರದ ನೇಮಕಾತಿಯ ಸೂಚನೆ ಅವರದೇ ವೆಬ್‌ಸೈಟಿನಲ್ಲಿ ಬರುತ್ತದೆ. ನಡುವೆ ನಿಂತು ಸೀಟು ಕೊಡಿಸುತ್ತೇವೆ ಎನ್ನುವವರಿಗೆ ಅದರಲ್ಲಿ ಯಾವ ಪಾತ್ರವೂ ಇಲ್ಲ.